ಬೆನ್ ಡೋರಖದ ಜೌಗು ಅಳಿಸದ ಚನ್ನಬಸಮ್ಮ

ಚನ್ನಬಸಮ್ಮನಿಗೆ ಏಳು ವಾರದ ಪಗಾರ ಬರಬೇಕು. ವಾರಕ್ಕೆ ಆರುನೂರ ನಲವತ್ತರಂತೆ ನಾಲ್ಕು ಸಾವಿರದ ನಾನೂರ ಎಂಬತ್ತು ಡಾಲರ್. ಎರಡು ಸಾವಿರದ ಎಂಟರ ಡಿಸೆಂಬರಿನಲ್ಲೇ ಕೈಸೇರಬೇಕಿದ್ದ ಹಣ. ಎರಡು ವರ್ಷವಾಗುತ್ತ ಬಂದರೂ ಪತ್ತೆಯಿಲ್ಲ. ಕೊಡಬೇಕಾದವನು ಜರ್ಸಿ ಸಿಟಿಯಲ್ಲಿ ನಕಾಶೆ ಕಂಪನಿ ನಡೆಸುತ್ತಿದ್ದ ಕರುಣಾಕರ. ಕೊಡದಿರಲು ಆತ ಹೇಳುವ ನೆಪ ಒಂದು ಗುಡ್ಡ.

ಗುಡ್ಡದ ಹೆಸರು ಬೆನ್ ಡೋರಖ. ಇರುವುದು ಸ್ಕಾಟ್ಲೆಂಡಿನ ವಾಯುವ್ಯದ ಅಂಚಿನಲ್ಲಿ. ಚನ್ನಬಸಮ್ಮ ಅದನ್ನು ಕಣ್ಣಾರೆ ಕಂಡವಳಲ್ಲ. ಆದರೆ ನಾಲ್ಕು ತಿಂಗಳು ದಿನಕ್ಕೆ ಎಂಟು ತಾಸು ಕಂಪ್ಯೂಟರಿನ ಮುಂದೆ ಕೂತು ಅದರ ಮೈಯೆಲ್ಲ ತಡವಿದ್ದಳು. ವಿಮಾನದಿಂದ ತೆಗೆದ ಚಿತ್ರ ನೋಡಿ ಎತ್ತರದ ಗೆರೆಗಳನ್ನು ಎಳೆಯುವುದು, ಹಳ್ಳ, ಕೆರೆ, ದಾರಿ, ಗೋಡೆ ಎಲ್ಲವನ್ನೂ ಗುರುತಿಸುವುದು ಅವಳ ಕೆಲಸ. ಗೆರೆಗಳು ದೂರ ದೂರವಿದ್ದರೆ ಸಣ್ಣ ಇಳಿಜಾರು, ಒತ್ತಿಕೊಂಡು ಬಂದರೆ ಕಡಿದು. ಬೆನ್ ಡೋರಖದ ಪಡುವಣ ಮಗ್ಗುಲಲ್ಲಿ ಗೆರೆಗಳೆಲ್ಲ ಒಂದರ ಮೇಲೊಂದು ಬಿದ್ದು ಕಪ್ಪು ಕಲೆಯಾಗಿಬಿಟ್ಟಿದ್ದವು. ಅಲ್ಲಿ ಬಂಡೆ ನೆಟ್ಟಗೆ ಸಾವಿರ ಅಡಿ ಕೆಳಕ್ಕಿಳಿಯುತ್ತದೆ.

ಸ್ಥಳದಲ್ಲಿದ್ದ ಅಳತೆಗಾರ ಫೋಟೋಗಳನ್ನು ಕಳಿಸುತ್ತಿದ್ದ. ಮರವೆಂಬುದು ಒಂದೂ ಇಲ್ಲ. ಕೆಂಗಲ್ಲಿನ ಪದರಗಳು ಕಟಕ ರೊಟ್ಟಿ ಒಟ್ಟಿದ ಹಾಗೆ ತುದಿಯವರೆಗೂ ಏರಿದ್ದವು. ಬುಡದಲ್ಲಿ ಬೂದು ಬಂಡೆ, ಅದರ ಗುಂಡಿ ಗುಂಡಿಗಳಲ್ಲಿ ಕಪ್ಪು ನೀರು, ಮಳೆಗೆ ಬೆನ್ನು ಮಾಡಿ ನಿಂತ ಕುರಿಗಳು. ಬೇಸಿಗೆಯಲ್ಲಿ ದನ ಹೊಡೆದುಕೊಂಡು ಬಂದ ಹೆಂಗಸರು ಬೀಡುಬಿಟ್ಟು ಬೆಣ್ಣೆ ಕಡೆಯುತ್ತಿದ್ದ ಗುಡಿಸಲುಗಳ ಮೊಣಕಾಲೆತ್ತರದ ಗೋಡೆ ಇನ್ನೂ ಉಳಿದಿತ್ತು. ತೆಂಕಣಕ್ಕೆ ಎರಡು ಮೈಲಿ ಉದ್ದದ ಜೌಗು. ಪಾಚಿ ಸಾವಿರಾರು ವರ್ಷ ಕೊಳೆತು ಆದ ಕಪ್ಪು ಮಣ್ಣು. ಮೇಲೆ ಹುಲ್ಲು, ಒಳಗೆ ಗಂಜಿ. ಅಳತೆಗಾರ ಒಂದು ಫೋಟೋದ ಕೆಳಗೆ ಬರೆದಿದ್ದ: "ಇಲ್ಲಿ ಸೊಂಟದವರೆಗೆ ಹೂತುಹೋದೆ. ಎಳೆಯಲು ಇಬ್ಬರು ಬೇಕಾಯಿತು."

ಚನ್ನಬಸಮ್ಮ ಆ ಜೌಗನ್ನು ನೀಲಿಯಲ್ಲಿ ಅಚ್ಚುಕಟ್ಟಾಗಿ ತುಂಬಿದಳು.

ಕೆಲಸ ಅವಳಿಗೆ ಹೊಸದಲ್ಲ. ಅಪ್ಪ ತೀರಿಕೊಂಡಾಗ ಅನುಕಂಪದ ಮೇಲೆ ಧಾರವಾಡದ ಸರ್ವೇ ಕಚೇರಿಯಲ್ಲಿ ಟ್ರೇಸರ್ ನೌಕರಿ ಸಿಕ್ಕಿತ್ತು. ಹಳೆಯ ನಕಾಶೆಯ ಮೇಲೆ ಅಡಿಯ ಗೆರೆ ಕಾಣುವ ಮೇಣದ ಬಟ್ಟೆ ಹಾಸಿ, ಗೆರೆಯ ಮೇಲೆ ಗೆರೆ ಎಳೆದು, ಬಲಮೂಲೆಯಲ್ಲಿ ತನ್ನ ಸಹಿ ಹಾಕಬೇಕು. ಸೇರಿದ ಎರಡನೇ ವರ್ಷ ನವಲಗುಂದದ ಕಡೆಯ ಹಳ್ಳಿಯೊಂದರ ನಕಾಶೆಯಲ್ಲಿ ಒಂದು ಬಂಡಿದಾರಿ ಎಳೆಯಲು ಮರೆತಳು. ಆ ಒಂದು ಗೆರೆ ಇಲ್ಲದ್ದಕ್ಕೆ ಒಬ್ಬ ಮುದುಕಿ ತನ್ನ ಹೊಲಕ್ಕೆ ತಾನು ಹೋಗಲಾರದೆ ಆರು ವರ್ಷ ಕೋರ್ಟಿಗೆ ಅಲೆದಳು. ಎದುರು ಪಕ್ಷದ ವಕೀಲ ಕೋರ್ಟಿನಲ್ಲಿ ಚನ್ನಬಸಮ್ಮನ ಸಹಿ ತೋರಿಸಿ, "ಇಲ್ಲಿ ದಾರಿ ಇಲ್ಲ ಅಂತ ಸರ್ಕಾರವೇ ಹೇಳಿದೆ" ಎಂದ. ಅಂದಿನಿಂದ ಅವಳು ಸಹಿ ಹಾಕುವ ಮುಂಚೆ ಹಾಳೆಯನ್ನು ಮೂರು ಸಲ ನೋಡುತ್ತಾಳೆ.

ಗಂಡ ಸತ್ತ ಮೇಲೆ, ಹನ್ನೊಂದು ವರ್ಷ ಕಾದ ಗ್ರೀನ್ ಕಾರ್ಡ್ ಬಂತು. ಎಡಿಸನ್ನಿನಲ್ಲಿದ್ದ ಅಣ್ಣ ಪಂಚಾಕ್ಷರಯ್ಯನ ಮನೆಯ ಕೆಳಗಿನ ಕೋಣೆಯಲ್ಲಿ ನಿಂತಳು. ಕರುಣಾಕರನ ಕಂಪನಿ ಸೇರಿ ತಿಂಗಳಿಗೆ ಐನೂರು ಡಾಲರ್ ಬಾಡಿಗೆ ಕೊಡುತ್ತಿದ್ದಳು. ಬಿಟ್ಟಿ ಕೂಳು ಅವಳಿಗೆ ಇಳಿಯುತ್ತಿರಲಿಲ್ಲ.

ಎರಡು ಸಾವಿರದ ಎಂಟರ ಸೆಪ್ಟೆಂಬರಿನಲ್ಲಿ ದೊಡ್ಡ ದೊಡ್ಡ ಬ್ಯಾಂಕುಗಳು ಮಗುಚಿಕೊಂಡವು. ಅಣ್ಣನ ಕೆಲಸ ಅಕ್ಟೋಬರಿನಲ್ಲಿ ಹೋಯಿತು. ನವೆಂಬರಿನಿಂದ ಕರುಣಾಕರನೂ ಪಗಾರ ನಿಲ್ಲಿಸಿದ. ಪ್ರತಿ ಶುಕ್ರವಾರ ಅದೇ ಹಾಡು: "ಮುಂದಿನ ವಾರ ಗ್ಯಾರಂಟಿ." ಕೈಯಲ್ಲಿದ್ದ ದೊಡ್ಡ ಕೆಲಸ ಬೆನ್ ಡೋರಖ ಒಂದೇ. ಮ್ಯಾನ್‌ಹಟನ್ನಿನ ಒಂದು ಹೂಡಿಕೆ ಫಂಡ್ ಗುಡ್ಡದ ಬುಡ ಕೊಂಡು, ಎಂಬತ್ತು ಸೈಟು ಮಾಡಿ, ರಜೆಮನೆಗಳೆಂದು ಮಾರಲು ಹೊರಟಿತ್ತು. ಸೈಟುಗಳಲ್ಲಿ ಅರ್ಧಕ್ಕಿಂತ ಹೆಚ್ಚು ಬಿದ್ದದ್ದು ಜೌಗಿನ ಮೇಲೆ.

ಡಿಸೆಂಬರಿನ ಒಂದು ಮಧ್ಯಾಹ್ನ ಕರುಣಾಕರ ಅವಳ ಕುರ್ಚಿಯ ಪಕ್ಕ ಬಂದು ನಿಂತ. ಕುಂದಾಪುರದ ಕಡೆಯವ, ಮಾತು ಮೆತ್ತಗೆ.

"ಅಕ್ಕ, ಆ ನೀಲಿ ಲೇಯರ್ ಒಂದು ಡಿಲೀಟ್ ಮಾಡಿ ಮಾರಾಯ್ರೆ. ಕ್ಲೈಂಟ್‌ಗೆ ಬೇಡವಂತೆ."

"ಅವ್ರು ಬ್ಯಾಡ ಅಂದ್ರ ನೆಲ ಗಟ್ಟಿ ಆಗತೈತೇನ್ರಿ?"

"ನೆಲ ಗಟ್ಟಿ ಆಗುದಿಲ್ಲ, ಲೋನ್ ಸ್ಯಾಂಕ್ಷನ್ ಆಗ್ತದೆ." ಕರುಣಾಕರ ತನ್ನ ಮಾತಿಗೆ ತಾನೇ ನಕ್ಕ. "ಡಿಲೀಟ್ ಮಾಡಿ, ನಿಮ್ಮ ಇನಿಶಿಯಲ್ ಹಾಕಿ. ಸಂಜೆ ಏಳು ವಾರದ್ದೂ ಚೆಕ್ ಬರೀತೇನೆ."

"ಕೆಲಸ ಮಾಡೀನಿ, ಅದರ ಪಗಾರ ಕೊಡ್ರಿ. ಇದಕ್ಕ ನಾ ಸಹಿ ಹಾಕಂಗಿಲ್ಲ."

"ಆ ಗುಡ್ಡ ಏನು ನಿಮ್ಮ ಮಾವನದ್ದಾ? ಮೂರು ಸಾವಿರ ಮೈಲಿ ಆಚೆಯ ಕೆಸರಿಗೆ ನೀವ್ಯಾಕೆ ಅಳುದು?"

"ಅಳಾಕತ್ತಿಲ್ರಿ ಸರ. ಅಲ್ಲೆ ಮಂದಿ ಮುಳುಗಿದ್ರ ಕೆಳಗ ಯಾರ ಹೆಸರ ಇರತೈತಿ, ಅದನ್ನ ಕೇಳಾಕತ್ತೀನಿ."

ಕರುಣಾಕರ ದನಿ ಎತ್ತಿದ, ಆಫೀಸಿನ ಎಲ್ಲರಿಗೂ ಕೇಳುವ ಹಾಗೆ. "ಸರಿ. ಈ ಜಾಬ್ ಹೋದ್ರೆ ಯಾರಿಗೂ ದುಡ್ಡಿಲ್ಲ. ಹನ್ನೊಂದು ಜನರ ಹೊಟ್ಟೆಗೆ ಹೊಡೆಯುವುದು ನಾನಲ್ಲ, ನೋಡಿ, ಈ ಅಕ್ಕ."

ಆತ ಹೋದ ಮೇಲೆ ಪಕ್ಕದ ಟೇಬಲಿನ ಪ್ರಣೀತಾ ಹತ್ತಿರ ಬಂದಳು. ಮೈಸೂರಿನ ಹುಡುಗಿ, ಕೆಲಸದ ವೀಸಾದ ಮೇಲೆ ಬಂದವಳು.

"ಆಂಟಿ, ಹಾಕ್ಬಿಡಿ ಪ್ಲೀಸ್. ನನ್ ವೀಸಾ ಇವ್ರ ಕೈಲಿದೆ. ಕಂಪನಿ ಕ್ಲೋಸ್ ಆದ್ರೆ ಮಾರನೇ ದಿನಾನೇ ನಾನು ಔಟ್ ಆಫ್ ಸ್ಟೇಟಸ್, ದೇಶ ಬಿಡ್ಬೇಕು. ನಿಮಗೇನು, ಗ್ರೀನ್ ಕಾರ್ಡ್ ಇದೆ."

ಆ ಮಾತು ಹೊತ್ತುಕೊಂಡೇ ಚನ್ನಬಸಮ್ಮ ಸಂಜೆ ಮನೆಗೆ ಬಂದಳು. ಇಂದಿಗೂ ಹೊತ್ತಿದ್ದಾಳೆ.

ಮನೆಯಲ್ಲಿ ಅಣ್ಣನೂ ಅದನ್ನೇ ಹೇಳಿದ. "ತಂಗಿ, ಹಾಕಿ ಬಾ. ನೀ ಕೊಡೂ ಐನೂರರಾಗ ಈಗ ಒಲಿ ಉರಿಯಾಕತ್ತೈತಿ."

"ಬಂಡಿದಾರಿದು ನಿನಗ ಗೊತ್ತೈತಲ್ಲ ಅಣ್ಣಾ."

"ಅದು ನೀ ಮರತದ್ದು. ಇದು ಅವ್ರು ಹೇಳಿ ತಗಸೂದು. ಅದರ ಪಾಪ ಅವ್ರಿಗೆ."

"ಮರತಾಗನ ಆ ಮುದುಕಿ ಆರು ವರ್ಷ ಅಲದಾಳ. ನೆನಪಿಟ್ಟು ಮಾಡಿದ್ರ?"

ಪಂಚಾಕ್ಷರಯ್ಯ ಎದ್ದು ಟಿವಿ ಹಾಕಿದ.

ಮರುದಿನ ಬೆಳಿಗ್ಗೆ ಹತ್ತಕ್ಕೆ ಅವಳು ಆಫೀಸು ಮುಟ್ಟುವಷ್ಟರಲ್ಲಿ ಮೂಲೆಯ ದೊಡ್ಡ ಪ್ರಿಂಟರು ಹಾಳೆ ಕಕ್ಕುತ್ತಿತ್ತು. ಬೆನ್ ಡೋರಖ. ಜೌಗಿನ ಜಾಗ ಹಲ್ಲುಜ್ಜಿದ ಹಾಗೆ ಬೆಳ್ಳಗೆ. ಗುಡಿಸಲುಗಳ ಗೋಡೆಯೂ ಮಾಯ. ಬಲಮೂಲೆಯಲ್ಲಿ, ಬಿಡಿಸಿದವರ ಖಾನೆಯಲ್ಲಿ, ಅವಳ ಇನಿಶಿಯಲ್ ಸಿ.ಬಿ. ಎಂದು ಟೈಪಾಗಿತ್ತು. ಕಂಪ್ಯೂಟರಿನಲ್ಲಿ ಸಹಿಯೆಂದರೆ ಎರಡು ಅಕ್ಷರ. ಯಾರ ಬೆರಳು ಒತ್ತಿದರೂ ಬೀಳುತ್ತದೆ.

ಚನ್ನಬಸಮ್ಮ ಕೋಟು ಬಿಚ್ಚಲಿಲ್ಲ. ಹಾಳೆಯನ್ನು ಮೇಜಿನ ಮೇಲೆ ಹರಡಿ ಕೆಂಪು ಪೆನ್ನು ತೆಗೆದುಕೊಂಡಳು. ಧಾರವಾಡದಲ್ಲಿ ಕಲಿತ ಜೌಗಿನ ಗುರುತು: ಒಂದು ಅಡ್ಡ ಗೆರೆ, ಅದರ ಮೇಲೆ ಮೂರು ಹುಲ್ಲಿನ ಕಡ್ಡಿ. ಇನ್ನೊಂದು ಗೆರೆ, ಇನ್ನು ಮೂರು ಕಡ್ಡಿ. ಎರಡು ಮೈಲಿ ಜೌಗನ್ನು ಕೈಯಿಂದ ತುಂಬಲು ಅರ್ಧ ತಾಸು ಬೇಕಾಯಿತು. ಹನ್ನೊಂದು ಜನ ಸುತ್ತ ನಿಂತು ನೋಡಿದರು. ಒಬ್ಬರೂ ತಡೆಯಲಿಲ್ಲ. ಕೊನೆಗೆ ಸಿ.ಬಿ. ಎಂಬುದನ್ನು ಹೊಡೆದುಹಾಕಿ ಕನ್ನಡದಲ್ಲಿ ಪೂರ್ತಿ ಹೆಸರು ಬರೆದಳು.

ಕರುಣಾಕರ ಬಂದವನೇ ಹಾಳೆ ಹರಿದ. "ಹೊರಡಿ" ಎಂದ. ಮತ್ತೊಂದು ಹಾಳೆ ಹತ್ತು ನಿಮಿಷದಲ್ಲಿ ಬಂತು, ಅದೇ ಬಿಳಿ ಜಾಗ, ಅದೇ ಸಿ.ಬಿ. ಮಧ್ಯಾಹ್ನದೊಳಗೆ ಫಂಡಿನವರು ಅದನ್ನು ಒಯ್ದರು. ಅವಳು ತಡೆದದ್ದು ಏನೂ ಇಲ್ಲ.

ಮುಂದಿನ ಬೇಸಿಗೆಯಲ್ಲಿ ಪ್ರಣೀತಾ ಒಂದು ಇಮೇಲ್ ಕಳಿಸಿದಳು. ಸ್ಕಾಟ್ಲೆಂಡಿನ ಅಳತೆಗಾರ ಕಂಪನಿಗೆ ಬರೆದದ್ದು. ರಸ್ತೆ ಮಾಡಲು ಬಂದ ಯಂತ್ರ ಜೌಗಿನಲ್ಲಿ ಮಗುಚಿ, ನಡೆಸುತ್ತಿದ್ದವನ ಎಡಗಾಲು ಹೋಗಿತ್ತು. "ಈ ಸಿ.ಬಿ. ಯಾರು?" ಎಂದು ಆತ ಕೇಳಿದ್ದ. "ನಾನು ಹೂತುಹೋದೆನೆಂದು ಬರೆದು ಕಳಿಸಿದ ಮೇಲೂ ಅಳಿಸಿದವರು ಯಾರು?" ಚನ್ನಬಸಮ್ಮ ನಡೆದದ್ದೆಲ್ಲ ಬರೆದು ಉತ್ತರ ಕಳಿಸಿದಳು. ಅತ್ತಣಿಂದ ಮಾತಿಲ್ಲ. ನಂಬಲು ಆತನಿಗೆ ಕಾರಣವಾದರೂ ಏನಿದೆ?

ಪಗಾರದ ದೂರು ಕಾರ್ಮಿಕ ಇಲಾಖೆಯಲ್ಲಿದೆ. ಅವಳು ನಕಾಶೆ ಹಾಳುಮಾಡಿ ಗಿರಾಕಿಯ ಮುಂದೆ ಮರ್ಯಾದೆ ಕಳೆದಳು, ಅದಕ್ಕೇ ಹಣ ಹಿಡಿದಿದ್ದೇನೆ ಎಂಬುದು ಕರುಣಾಕರನ ಹೇಳಿಕೆ. ಸಹಿ ತಾನು ಹಾಕಿಲ್ಲ ಎನ್ನಲು ಅವಳಿಗೆ ಸಾಕ್ಷಿ ಬೇಕು. ಹನ್ನೊಂದು ಜನರಲ್ಲಿ ಒಬ್ಬರೂ ಮುಂದೆ ಬಂದಿಲ್ಲ. ಚನ್ನಬಸಮ್ಮ ಈಗ ಒಂದು ಕಿರಾಣಿ ಅಂಗಡಿಯಲ್ಲಿ ಬೇಳೆ ತೂಗಿ ಪೊಟ್ಟಣ ಕಟ್ಟುತ್ತಾಳೆ. ಅಣ್ಣನ ಮನೆ ಸಾಲದ ಕಂತು ಮೂರು ತಿಂಗಳಿಂದ ನಿಂತಿದೆ.

ಓದುತ್ತಿರುವ ನೀವು ಎಡಿಸನ್, ಜರ್ಸಿ ಸಿಟಿಯ ಈ ಸೀಮೆಯ ಕನ್ನಡಿಗರು. ಈ ನವೆಂಬರಿನ ರಾಜ್ಯೋತ್ಸವದ ಊಟದ ಖರ್ಚು ಕರುಣಾಕರನದು. ಆಹ್ವಾನ ಪತ್ರಿಕೆಯಲ್ಲಿ ಹೆಸರು ದಪ್ಪಕ್ಷರದಲ್ಲಿದೆ. ಆ ಹನ್ನೊಂದು ಜನರಲ್ಲಿ ಐದಾರು ಮಂದಿ ನಿಮ್ಮ ಪಂಕ್ತಿಯಲ್ಲೇ ಕೂರುತ್ತಾರೆ. ಚನ್ನಬಸಮ್ಮನಿಗೆ ನಿಮ್ಮ ಅಯ್ಯೋ ಪಾಪ ಬೇಡ. ಎಲೆ ಹಾಕುವ ಮುಂಚೆ ನೀವು ಎದ್ದು ನಿಲ್ಲಬೇಕು. ಆ ಎರಡು ಅಕ್ಷರ ಯಾರು ಒತ್ತಿದ್ದು, ಆ ಏಳು ವಾರದ ಪಗಾರ ಎಲ್ಲಿ ಎಂದು ಕರುಣಾಕರನನ್ನು ಹೆಸರು ಹಿಡಿದು ಕೇಳಬೇಕು. ಉತ್ತರ ಬರುವ ತನಕ ಊಟಕ್ಕೆ ಕೂರಬೇಡಿ.