ಮೊಣಕಾಲೆತ್ತರದ ಹುಣಸೆಮರಗಳ ಮೇಷ್ಟ್ರಮ್ಮ

ಮೊದಲು ಒಂದು ಮಾತು. ಹೋದ ವಾರದ ನನ್ನ ವಾಯ್ಸ್ ನೋಟ್ ಕೇಳಿ, ‘ತಾತನಿಗೆ ನೆನಪು ಕಲಸಿಹೋಗಿದೆ, ಒಬ್ಬರ ಕಥೆ ಇನ್ನೊಬ್ಬರಿಗೆ ಅಂಟಿಸುತ್ತಾರೆ’ ಎಂದು ಗುಂಪಿನಲ್ಲಿ ಬರೆದವರೇ, ಕೇಳಿಸಿಕೊಳ್ಳಿ. ನಿಮಗೆ ನಿಮ್ಮ ಹೆಂಡತಿಯ ಫೋನ್ ನಂಬರೇ ಬಾಯಿಗೆ ಬರುವುದಿಲ್ಲ. ನನಗೆ ಮಹದೇವಮ್ಮನ ನೂರ ಹನ್ನೆರಡು ಕುಂಡಗಳಲ್ಲಿ ಯಾವುದು ಯಾವ ಹೊಲದಿಂದ ಬಂತು ಎನ್ನುವುದೂ ಗೊತ್ತು. ಅನುಮಾನ ಇದ್ದವರು ಮದ್ದೂರಿನಿಂದ ಮಳವಳ್ಳಿ ರಸ್ತೆ ಹಿಡಿದು ಬಂದು ಎಣಿಸಿಕೊಳ್ಳಲಿ. ಇಲ್ಲದವರು ಸುಮ್ಮನೆ ಕೇಳಲಿ.

ಬೆಳಗ್ಗೆ ಆರು ಗಂಟೆ. ಜಯಪ್ರಕಾಶ್ ಅವರ ನರ್ಸರಿಯ ಗೇಟು ಇನ್ನೂ ಅರ್ಧ ಮಾತ್ರ ತೆರೆದಿದೆ. ಒಳಗೆ ಅರವತ್ತೆರಡು ವರ್ಷದ ಮಹದೇವಮ್ಮ ಸೆರಗನ್ನು ಸೊಂಟಕ್ಕೆ ಸಿಕ್ಕಿಸಿಕೊಂಡು ಕುಂಡದಿಂದ ಕುಂಡಕ್ಕೆ ಹೋಗುತ್ತಿದ್ದಾರೆ. ಕೈಯಲ್ಲಿ ನೀರಿನ ಕ್ಯಾನಿದೆ, ನೀರು ಮಾತ್ರ ಹಾಕುತ್ತಿಲ್ಲ. ಒಂದೊಂದು ಕುಂಡಕ್ಕೂ ತೋರುಬೆರಳನ್ನು ಎರಡು ಗೆಣ್ಣು ಇಳಿಸಿ, ತೆಗೆದು ನೋಡುತ್ತಾರೆ. ಬೆರಳಿಗೆ ಮಣ್ಣು ಅಂಟಿದರೆ ಮುಂದಿನ ಕುಂಡಕ್ಕೆ. ಒಣಗಿ ಉದುರಿದರೆ ನೀರು, ಅದೂ ಕೆಳಗಿನ ತೂತಿನಿಂದ ಹೊರಗೆ ಹರಿಯುವ ತನಕ. ಕುಂಡವೆಂದರೆ ಊಟದ ತಟ್ಟೆಗಿಂತ ಸ್ವಲ್ಪ ಆಳ, ಅಷ್ಟೇ. ಅದರಲ್ಲಿ ಮೊಣಕಾಲೆತ್ತರದ ಹುಣಸೆ. ಗಿಡವಲ್ಲ, ಮರ. ಬುಡ ಮುಂಗೈ ದಪ್ಪ, ತೊಗಟೆ ಬಿರುಕು ಬಿಟ್ಟು ಕಪ್ಪಗಾಗಿದೆ. ಬೋನ್ಸಾಯ್ ಅಂತ ನೀವು ಹೇಳುತ್ತೀರಲ್ಲ, ಅದು.

“ದಿನಾ ಇಟೊತ್ಗೆ ಒಂದ್ ಚೊಂಬು ಅಂತ ಉಯ್ದ್ರೆ ಸಾಯ್ತದೆ” ಎನ್ನುತ್ತಾರೆ ಅವರು. “ಅದ್ಕೆ ಬಾಯಾರ್ದಾಗ ಕೊಡ್ಬೇಕು. ನಿಮ್ಗೆ ಗಡಿಯಾರ ನೋಡ್ಕಂಡು ಬಾಯಾರ್ತದಾ?”

ಆತಗೂರು ಕಡೆಯ ಹೆಂಗಸು. ಶಾಲೆಯ ಮೆಟ್ಟಿಲು ಹತ್ತಿದವರಲ್ಲ. ಎಂಟನೇ ವಯಸ್ಸಿನಿಂದ ಆಡು ಕಾಯ್ದವರು, ಒಂದು ಕಾಲಕ್ಕೆ ನಲವತ್ತು ಆಡು ಇದ್ದವು. ಕಲ್ಲುದಿಬ್ಬದ ಬೋರೆಯಲ್ಲಿ ಹುಟ್ಟಿದ ಹುಣಸೆಯ ತುದಿಯನ್ನು ಆಡು ಪ್ರತಿ ವರ್ಷ ಮೇಯುತ್ತದೆ. ಮರ ಮೇಲಕ್ಕೆ ಏಳುವುದಿಲ್ಲ, ಸಾಯುವುದೂ ಇಲ್ಲ. ಇಪ್ಪತ್ತು ವರ್ಷವಾದರೂ ಮೊಣಕಾಲೆತ್ತರ. ಎಂಟು ವರ್ಷದ ಹಿಂದೆ ಆ ಬೋರೆಯನ್ನು ಕಬ್ಬಿಗಾಗಿ ಮಟ್ಟ ಮಾಡಿಸುವಾಗ ಕೆಂಪುಮಣ್ಣು ತುಂಬಿಸಿಕೊಳ್ಳಲು ಹೋಗಿದ್ದ ಜಯಪ್ರಕಾಶ್, ಜೆಸಿಬಿ ಮುಂದೆ ನಿಂತಿದ್ದ ಈ ಕುಳ್ಳ ಮರಗಳನ್ನು ನೋಡಿದರು. “ಇವನ್ನ ಜೀವಂತ ತೆಗಿಯಕ್ಕಾಯ್ತದಾ?” ಎಂದು ಪಕ್ಕದಲ್ಲಿ ಆಡು ಹೊಡೆದುಕೊಂಡು ನಿಂತಿದ್ದವರನ್ನು ಕೇಳಿದರು. ಆಯ್ತದೆ ಅಂದವರು ಮಹದೇವಮ್ಮ.

ಆಗಲಿಲ್ಲ. ಮೊದಲು ಕಿತ್ತ ಹತ್ತರಲ್ಲಿ ಒಂಬತ್ತು ಸತ್ತವು. ಆಡು ತಿಂದು ಬಿಟ್ಟಿದ್ದನ್ನು ಕುಂಡಕ್ಕೆ ಹಾಕಿ ಪೂಜೆ ಮಾಡ್ತಾಳೆ ಎಂದು ಊರಿನವರು ನಕ್ಕರು. ಆಮೇಲೆ ಸುತ್ತಲಿನ ಹೊಲಗಳಲ್ಲಿ ಉಳಿದಿದ್ದ ಇಂಥ ಮರಗಳಿಗೆ ಒಂದು ಮಳೆಗಾಲ ಅರ್ಧ ಸುತ್ತು ಬೇರು ಕಡಿದು ಬಿಡುವುದು, ಮುಂದಿನ ಮಳೆಗಾಲ ಇನ್ನರ್ಧ ಕಡಿದು ಎತ್ತುವುದು, ಹೀಗೆ ತಾವೇ ಕಂಡುಕೊಂಡರು. ಅರ್ಧ ದಿನ ಮಂಡಿಯೂರಿ ಅಗೆದು ಅಗೆದು ಮಂಡಿ ಹೋಗಿದೆ. ಈಗಲೂ ಬಸ್ ಹತ್ತುವಾಗ ಕಂಡಕ್ಟರ್ ಕೈಹಿಡಿದು ಎಳೆದುಕೊಳ್ಳಬೇಕು.

ಮೂರು ವರ್ಷದಿಂದ ಭಾನುವಾರ ಬೆಳಗ್ಗೆ ಏಳರಿಂದ ಒಂಬತ್ತರವರೆಗೆ ಹೊಸಬರಿಗೆ ಪಾಠ ಹೇಳುತ್ತಾರೆ. ಹತ್ತು ಹದಿನೈದು ಜನ ಬರುತ್ತಾರೆ, ಮಂಡ್ಯದಿಂದ, ಮಳವಳ್ಳಿಯಿಂದ. ಡಾಕ್ಟರು, ಲೆಕ್ಚರರು, ಎಲ್ಲರೂ ‘ಮೇಷ್ಟ್ರಮ್ಮ’ ಎನ್ನುತ್ತಾರೆ. ಹಾಗೆ ಕರೆದಾಗ ಈಯಮ್ಮ ತಲೆ ತಗ್ಗಿಸಿ ಮಣ್ಣು ಕೆದಕುವುದನ್ನು ನೀವು ನೋಡಬೇಕು. “ತುದಿ ಚಿವುಟಕ್ಕೆ ಎದ್ರುಕೊಬ್ಯಾಡಿ. ಆಡು ಎರಡೆಲೆ ಕಡ್ಕಂಡು ಮುಂದಕ್ಕೋಯ್ತದೆ, ಬುಡಕ್ಕೆ ಬಾಯಾಕಲ್ಲ. ನೀವೂ ಅಟೇ ಮಾಡಿ.” ಪಾಠವೆಂದರೆ ಇಷ್ಟೇ.

ಆ ಪಾಠವೇ ಈ ವರ್ಷ ನಿಂತುಹೋಗುವುದರಲ್ಲಿತ್ತು.

ಶಿವರಾತ್ರಿ ಮುಗಿದ ಭಾನುವಾರ ಶಾಲಿನಿ ಎಂಬ ಹುಡುಗಿ ಸ್ಕೂಟರಿನಲ್ಲಿ ಬಂದಳು. ಮಂಡ್ಯದಲ್ಲಿ ಬ್ಯಾಂಕಿನ ಕೆಲಸ, ಹುಟ್ಟಿ ಬೆಳೆದಿದ್ದೆಲ್ಲ ಪೇಟೆಯ ಕ್ವಾರ್ಟರ್ಸಿನಲ್ಲಿ. ದೀಪಾವಳಿಗೆ ಒಯ್ದಿದ್ದ ಹುಣಸೆ ಕಾಲ ಬಳಿ ಇತ್ತು, ಒಂದು ಎಲೆ ಇಲ್ಲ. ಹಿಂದಿನ ದಿನವೇ ಅದರ ಫೋಟೋ ತೆಗೆದು, ಸತ್ತ ಗಿಡ ಮಾರುತ್ತಾರೆ ಎಂದು ತೋಟಗಾರಿಕೆಯ ಗುಂಪಿಗೆ ಹಾಕಿದ್ದಳು. ಬೆಳಗ್ಗೆಯಿಂದ ಜಯಪ್ರಕಾಶ್ ಫೋನು ಬಡಿದುಕೊಳ್ಳುತ್ತಿತ್ತು.

“ಸತ್ತಿರೋದನ್ನೇ ಕೊಟ್ರಲ್ಲ ಅಜ್ಜಿ.”

“ಸತ್ತಿದ್ದು ಮೂರ್ ತಿಂಗ್ಳು ಎಲೆ ಬುಟ್ಕಂಡಿತ್ತಾ? ಎಲ್ ಮಡಗಿದ್ದವ್ವ?”

“ಹಾಲ್‌ನಲ್ಲಿ, ಟಿವಿ ಪಕ್ಕ.”

“ಅದೇನ್ ಧಾರಾವಾಹಿ ನೋಡ್ತದಾ? ಬಿಸ್ಲು ಬೇಕು ಅಂದಿರ್ನಿಲ್ವಾ. ನೀರು?”

“ಒಂದು ದಿನಾನೂ ತಪ್ಪಿಸಿಲ್ಲ. ಸಂಜೆ ಏಳಕ್ಕೆ ನಾನು ಬರೋ ಹೊತ್ತಿಗೆ ಎಲೆಯೆಲ್ಲ ಬಾಡಿ ಮುದುಡಿಕೊಂಡಿರೋದು. ಪಾಪ ಅಂತ ನೀರು ಹಾಕ್ತಿದ್ದೆ. ಬೆಳಗ್ಗೆ ನೋಡಿದ್ರೆ ಚೆನ್ನಾಗಿ ಅರಳಿರೋದು.”

ಮಹದೇವಮ್ಮನ ಕೈ ನಿಂತಿತು. “ಅಯ್ಯೋ ನನ್ ಕಂದ, ಅದು ಬಾಡಿದ್ದಲ್ಲ ಕಣವ್ವ, ಮಲಗಿತ್ತು. ಒತ್ತು ಮುಳುಗ್ತಿದ್ದಂಗೆ ಉಣಸೆ ಎಲೆ ಮಡಿಸ್ಕಂಡು ಮಲಿಕತ್ತದೆ. ಮಲಗಿದ್ದೋರ ಬಾಯಿಗೆ ದಿನಾ ನೀರುಯ್ದಿದ್ದೀಯ.”

ಅಲ್ಲಿದ್ದವರು ನಕ್ಕರು. ಮಹದೇವಮ್ಮ ನಗಲಿಲ್ಲ. “ನಗಬ್ಯಾಡಿ. ಇದು ನನ್ ತಪ್ಪು. ಎಲ್ಲಾರ್ಗೂ ಗೊತ್ತಿರ್ತದೆ ಅಂದ್ಕಂಡು ಯೋಳ್ದೆ ಇದ್ದೋಳು ನಾನು.”

ಜಯಪ್ರಕಾಶ್ ಕೆಟ್ಟವರಲ್ಲ, ಆದರೆ ಅಂಗಡಿ ನಡೆಸುವವರು. “ಯುಗಾದಿ ತಂಕ ನೋಡ್ತೀನಿ ಮಾದೇವಮ್ಮ. ಚಿಗುರ್ಲಿಲ್ಲ ಅಂದ್ರೆ ಪಾಠ ಸಾಕು. ನೀನು ನೀರ್ ಹಾಕಂಡು ಸುಮ್ಕಿದ್ಬುಡು” ಎಂದರು. ಮಹದೇವಮ್ಮನ ಕೂಲಿ ಹೋಗುತ್ತಿರಲಿಲ್ಲ, ಹೋಗುತ್ತಿದ್ದುದು ಮೇಷ್ಟ್ರಮ್ಮ ಎಂಬ ಆ ಒಂದು ಹೆಸರು.

ಮಹದೇವಮ್ಮ ಉಗುರಿನಿಂದ ತೊಗಟೆ ಕೆರೆದರು. ಮೇಲುಗಡೆ ಕಂದು. ಕೆಳಗೆ, ಬುಡದಿಂದ ಗೇಣುದ್ದದಲ್ಲಿ, ಎಳೆಯಷ್ಟು ಹಸಿರು. ಕುಂಡ ಬೋರಲು ಹಾಕಿದರೆ ಕೊಳೆತ ನಾತ. ಕಪ್ಪಾಗಿ ಜಾರುತ್ತಿದ್ದ ಬೇರುಗಳನ್ನೆಲ್ಲ ಕತ್ತರಿಸಿದರು, ಗಟ್ಟಿ ಇದ್ದವನ್ನು ಉಳಿಸಿದರು. ದಪ್ಪ ಮರಳು, ಇಟ್ಟಿಗೆ ಚೂರು, ಒಂದು ಪಾಲು ಕೆಂಪುಮಣ್ಣು.

“ಗೊಬ್ಬರ ಹಾಕಲ್ವಾ ಅಜ್ಜಿ?”

“ಕಾಯ್ಲೆ ಬಿದ್ದೋರ್ಗೆ ಬಾಡೂಟ ಹಾಕ್ತಾರಾ? ವಸಿ ಎದ್ ಕೂತ್ಕಳ್ಳಿ, ಆಮೇಕೆ.”

ಆಮೇಲೆ ಗರಗಸ ತೆಗೆದುಕೊಂಡರು. ಛತ್ರಿಯ ಹಾಗಿದ್ದ ತಲೆಯನ್ನು ನೋಡಿಯೇ ಶಾಲಿನಿ ಆ ಮರವನ್ನು ಆರಿಸಿದ್ದಳು. ಅದೇ ಸತ್ತಿತ್ತು. ಅವಳು ಮುಖ ಆ ಕಡೆ ತಿರುಗಿಸಿಕೊಂಡಳು, ಮಹದೇವಮ್ಮ ಕೊಯ್ದರು. ಉಳಿದದ್ದು ಗೇಣುದ್ದದ ಮೋಟು.

ಒಂದು ತಿಂಗಳು ಅದು ಹಸಿರು ಬಲೆಯ ನೆರಳಿನಲ್ಲಿ ಕೂತಿತು. ಮಹದೇವಮ್ಮ ಬೆಳಗ್ಗೆ ಬಂದು ಮೊದಲು ಬೆರಳು ಇಡುತ್ತಿದ್ದುದು ಅಲ್ಲಿಗೆ. ಶಾಲಿನಿ ಗುಂಪಿನಲ್ಲಿ ಹಾಕಿದ್ದನ್ನು ಅಳಿಸಿದಳು, ಪ್ರತಿ ಭಾನುವಾರ ಬಂದಳು. ಮೊದಲ ವಾರ ಏನಿಲ್ಲ. ಎರಡನೇ ವಾರ ಏನಿಲ್ಲ. ಮೂರನೇ ವಾರ ಪಾಠಕ್ಕೆ ಬಂದವರು ನಾಲ್ಕೇ ಜನ. ಅಂದು ಮಹದೇವಮ್ಮ ಮನೆಯಿಂದ ತಂದ ಬುತ್ತಿ ಬಿಚ್ಚದೆ ವಾಪಸ್ ಒಯ್ದರು.

ಯುಗಾದಿಗೆ ಮೂರು ದಿನ ಇರುವಾಗ ಮೋಟಿನ ಪಕ್ಕದಲ್ಲಿ ಅಕ್ಕಿಕಾಳಿನಷ್ಟು ಕೆಂಪು ಕಂಡಿತು. ಜಯಪ್ರಕಾಶ್ ಕನ್ನಡಕ ಹಾಕಿಕೊಂಡು ಬಗ್ಗಿದರು.

“ಹುಳ ಇರ್ಬೇಕು ಕಣಮ್ಮ.”

“ಉಳ ನಿನ್ ಕಣ್ಣಾಗೈತೆ. ಸರ್ಯಾಗಿ ನೋಡು.”

ನೋಡಿದರು. ಬಹಳ ಹೊತ್ತು ನೋಡಿದರು. ಎದ್ದು ನಿಂತು, “ಬರೋ ಭಾನ್ವಾರಕ್ಕೆ ಎಷ್ಟ್ ಕುರ್ಚಿ ಹಾಕಿಸ್ಲಿ, ಮೇಷ್ಟ್ರಮ್ಮ?” ಎಂದರು. ಅವರ ಬಾಯಲ್ಲಿ ಆ ಮಾತು ಬಂದದ್ದು ಅದೇ ಮೊದಲು.

ಈಗ ಚಿಗುರು ಬೆರಳುದ್ದ ಬಂದಿದೆ. ಮರ ಶಾಲಿನಿಯ ಮನೆಗೆ ವಾಪಸಾಗಿದೆ, ಟಿವಿ ಪಕ್ಕ ಅಲ್ಲ, ತಾರಸಿಯ ಮೇಲೆ. ಹೋದ ಭಾನುವಾರ ತುದಿ ಚಿವುಟಿಸಲು ತಂದಿದ್ದಳು. ತಾನೇ ಚಿವುಟಿದಳು. ಚಿವುಟಿದ್ದನ್ನು ಎಲ್ಲಿ ಹಾಕಬೇಕೆಂದು ತಿಳಿಯದೆ ಅಂಗೈಯಲ್ಲಿ ಹಿಡಿದು ನಿಂತಳು. ಮಹದೇವಮ್ಮ ಅದನ್ನು ತೆಗೆದು ಬಾಯಿಗೆ ಹಾಕಿಕೊಂಡು ನಿಧಾನ ಅಗಿದರು.

“ಉಳಿ ಚಂದಾಗೈತೆ” ಎಂದರು. “ಇನ್ನೂರು ವರ್ಸ ಇರ್ತದೆ ಬುಡು. ನೀನು ಬದುಕ್ಸ್ದೆ ಅಂತ ಯೋಳ್ಕೊ, ನನ್ ಎಸ್ರು ಬ್ಯಾಡ.”

ಹೆಸರು ನಾನು ಹೇಳಿದ್ದೇನೆ, ಬೈದರೆ ಬೈಸಿಕೊಳ್ಳುತ್ತೇನೆ. ನೀವು ಇದನ್ನು ಕೇಳಿ ಸುಮ್ಮನೆ ಇಟ್ಟುಕೊಳ್ಳಬೇಡಿ. ಮನೆಯೊಳಗೆ ಪುಟ್ಟ ಮರ ತಂದಿಟ್ಟುಕೊಂಡವರು ನಿಮಗೆ ಯಾರಾದರೂ ಗೊತ್ತಿದ್ದರೆ ಅವರಿಗೆ ಕಳಿಸಿ. ಸಂಜೆ ಏಳರ ಒಳಗೆ, ಅವರು ನೀರು ಹಾಕುವ ಮೊದಲೇ ಕಳಿಸಿ.