ಅವರ ಅಂಗಾಲುಗಳ ಮೇಲೆ

ಎಂಟನೇ ತಿಂಗಳಲ್ಲಿ ನನ್ನ ಮಗಳು ಹೊಟ್ಟೆಯಲ್ಲೇ ತೀರಿಹೋದಳು. ಹೆರಿಗೆಯಾದಾಗ ನನಗೆ ಎಚ್ಚರವಿರಲಿಲ್ಲ. ಎಚ್ಚರವಾಗುವಷ್ಟರಲ್ಲಿ ನನ್ನ ಗಂಡ ಕೂಸನ್ನು ತಮ್ಮ ಊರು ಮಾಸೂರಿಗೆ ಒಯ್ದು, ಗದ್ದೆಯ ಬದುವಿನಲ್ಲಿ ಮಣ್ಣು ಮಾಡಿ ಬಂದಿದ್ದರು. ತಾಯಿಗೆ ತೋರಿಸಿದರೆ ಜನ್ಮಪೂರ್ತಿ ಮರೆಯುವುದಿಲ್ಲ ಎಂದು ಅತ್ತೆ ಹೇಳಿದ್ದರಂತೆ. ನಾನು ಏನೂ ಕೇಳಲಿಲ್ಲ, ಅವರೂ ಹೇಳಲಿಲ್ಲ.

ಆಮೇಲೆ ಶಿಗ್ಗಾಂವದ ನಮ್ಮ ಬಾಡಿಗೆ ಮನೆಯಲ್ಲಿ ಮಾತೆಂದರೆ ಹಾಲು, ಗ್ಯಾಸು, ನಳದ ನೀರು, ಇಷ್ಟೇ ಉಳಿಯಿತು. ನಾನು ಬಸ್ಸು ಹತ್ತಿ ತಡಸದ ಶಾಲೆಗೆ ಕಲಿಸಲು ಹೋಗುತ್ತಿದ್ದೆ, ಅವರು ಕಾಳಿನ ದಲಾಲಿ ಅಂಗಡಿಗೆ. ಮಲಗಿದಾಗ ಅಪ್ಪಿತಪ್ಪಿ ಕೈ ತಗುಲಿದರೆ ಇಬ್ಬರೂ ಹಿಂದಕ್ಕೆಳೆದುಕೊಳ್ಳುತ್ತಿದ್ದೆವು.

ನಮ್ಮ ಶಾಲೆಯ ಹಿರಿಯ ಅಕ್ಕೋರೊಬ್ಬರು ಒಂದು ದಿನ, “ರವಿವಾರ ಕಾಲೇಜಿನ ಹಾಲ್‌ನಾಗ ಜೋಡಿ ಯೋಗ ಕಲಸಾಕ ಹುಬ್ಬಳ್ಳಿಯಿಂದ ಒಬ್ಬಾಕಿ ಬರ್ತಾಳ. ನಿಮ್ಮ ಯಜಮಾನರನ್ನೂ ಕರ್ಕೊಂಡ ಬಾ. ಬೆನ್ನಿಗೆ ಛಲೋ,” ಎಂದರು. ನನ್ನ ಗಂಡ ಒಲ್ಲೆ ಎನ್ನುತ್ತಾರೆಂದುಕೊಂಡೇ ಮನೆಯಲ್ಲಿ ಕೇಳಿದೆ. “ಹೋಗೂಣು,” ಎಂದರು.

ಬಂದವರೆಲ್ಲ ಕಾಲೇಜಿನ ಹುಡುಗ ಹುಡುಗಿಯರು. ಗಂಡ ಹೆಂಡತಿ ನಾವಿಬ್ಬರೇ. ಕಲಿಸುವಾಕೆ ಮೊದಲೇ ಹೇಳಿದಳು: “ಅಕ್ರೋ ಯೋಗ ಅಂದ್ರ ಸರ್ಕಸ್ ಅಲ್ರಿ. ಒಬ್ಬರು ಕೆಳಗ ಮಲಗಿ ಕಾಲಿನ ಮ್ಯಾಲ ಹೊರತಾರ, ಒಬ್ಬರು ಮ್ಯಾಲ ಹಕ್ಕಿಯಂಗ ಇರತಾರ, ಇನ್ನೊಬ್ಬರು ಬಾಜೂಕ ನಿಂತು ಕಾಯ್ತಾರ. ಯಾರ ಇಳಸ್ರಿ ಅಂದ್ರೂ ಇಳಸಬೇಕು.”

ಮೊದಲು ಬೆನ್ನಿಗೆ ಬೆನ್ನು ಹಚ್ಚಿ ಕುಳಿತು ಉಸಿರಾಡಿದೆವು. ಆಮೇಲೆ ಎದುರುಬದುರು ನಿಂತು ಮುಂಗೈ ಹಿಡಿದು ಹಿಂದಕ್ಕೆ ವಾಲಿದೆವು. ಒಬ್ಬರು ಬಿಟ್ಟರೆ ಇಬ್ಬರೂ ಬೀಳುತ್ತಿದ್ದೆವು. ಕೊನೆಗೆ ಇವರು ಜಮಖಾನೆಯ ಮೇಲೆ ಅಂಗಾತ ಮಲಗಿ ಕಾಲೆತ್ತಿದರು. ಅಂಗಾಲುಗಳನ್ನು ನನ್ನ ಹೊಟ್ಟೆಗಲ್ಲ, ಸೊಂಟದ ಎಲುಬಿಗೆ ಆನಿಸಬೇಕೆಂದು ಆಕೆ ತೋರಿಸಿಕೊಟ್ಟಳು. ಇವರು ಕಾಲಿಡಲು ಹಿಂಜರಿದರು.

“ಇಲ್ಲಿ ನೋವಾಗ್ತೈತೇನು?” ಎಂದರು ಮೆಲ್ಲಗೆ.

“ಇಲ್ರಿ.”

ಕೂಸನ್ನು ಹೊತ್ತಿದ್ದ ನನ್ನ ಮೈಯ ಬಗ್ಗೆ ಅವರು ಕೇಳಿದ್ದು ಅದೇ ಮೊದಲು.

ಕೈಗೆ ಕೈ ಕೊಟ್ಟು ಮುಂದೆ ಬಾಗಿದೆ. ಕಾಲು ನೆಲ ಬಿಟ್ಟಿತು. ಕಲಿಸುವಾಕೆ ಪಕ್ಕದಲ್ಲಿ ನಿಂತು ನನ್ನ ಭುಜದ ಬಳಿ ಕೈ ಹಿಡಿದಿದ್ದಳು. ಕೆಳಗೆ ಅವರ ಮುಖವೊಂದೇ ಕಾಣುತ್ತಿತ್ತು, ಬೇರೆಲ್ಲೂ ನೋಡುವಂತಿರಲಿಲ್ಲ. ಗಡ್ಡದಲ್ಲಿ ಬಿಳಿ ಕೂದಲು ಬಂದದ್ದು ನನಗೆ ಗೊತ್ತೇ ಇರಲಿಲ್ಲ. ನೋಡುತ್ತಿದ್ದಂತೆ ಅವರ ಕಣ್ಣೀರು ಹರಿದು ಎರಡೂ ಕಿವಿಯೊಳಗೆ ಇಳಿಯತೊಡಗಿತು. ಒರೆಸಲು ಇಬ್ಬರಿಗೂ ಕೈ ತೆರವಿರಲಿಲ್ಲ.

“ಇಳಸೂಣೇನ್ರಿ?” ಎಂದಳು ಆಕೆ. ಇವರು ಬೇಡವೆಂದು ತಲೆಯಾಡಿಸಿದರು.

ಅಲ್ಲಿಂದಲೇ ಕೇಳಿದೆ: “ಮುಖ ಯಾರ ಹಂಗಿತ್ರಿ?”

“ನಿನ್ನ ಹಂಗ. ಮೂಗಷ್ಟ ನಮ್ಮವ್ವಂದು. ತಲಿ ತುಂಬ ಕೂದಲಿದ್ದುವು.”

ಅವರ ಕಾಲುಗಳು ಸೋಲತೊಡಗಿದವು. ಇಳಸ್ರಿ ಎಂದೆ.

ಮುಂದಿನ ವಾರ ಇಬ್ಬರೂ ಮಾಸೂರಿಗೆ ಹೋದೆವು. ಮದಗದ ಕೆರೆಯ ನೀರು ಬಿಟ್ಟಿದ್ದರು. ಗದ್ದೆ ನಾಟಿಗೆ ಸಿದ್ಧವಾಗಿತ್ತು. ಬದುವಿನ ಹೊಂಗೆಗಿಡದ ಹತ್ತಿರ ಇವರು ನಿಂತರು. “ಇಲ್ಲೇ ಕಲ್ಲಿಟ್ಟಿದ್ನಿ,” ಎಂದರು. ಕಲ್ಲು ಇರಲಿಲ್ಲ. ಬದುವನ್ನು ಯಾರೋ ಹೊಸದಾಗಿ ಏರಿಸಿದ್ದರು. ಇವರು ಚಪ್ಪಲಿ ಬಿಟ್ಟು ಕೆಸರಿನಲ್ಲಿ ಆಚೆ ಈಚೆ ಹುಡುಕಿದರು, ಬಗ್ಗಿ ಕೈಯಾಡಿಸಿದರು. ಕೊನೆಗೆ ನಾನೇ ಕರೆದು ಕೂರಿಸಿದೆ.

ಕೈಯ ಕೆಸರು ಒರೆಸಿಕೊಳ್ಳುತ್ತ ಹೇಳಿದರು: “ಅವತ್ತ ಕೂಸಿನ್ನ ಬಸ್ಸಿನಾಗ ತೊಡಿಮ್ಯಾಲ ಇಟಗೊಂಡ ಬಂದ್ನಿ. ಬಾಜೂಕ ಕುಂತಾಕಿ, ಕೂಸು ಮಲಗೇತೇನ್ರಿ ಅಂದ್ಲು. ಹೂಂ ಅಂದ್ನಿ. ಸೆಕಿ ಆಗ್ತೈತಿ, ಮುಖದ ಮ್ಯಾಲಿನ ಅರಬಿ ಸರಸ್ರಿ ಅಂದ್ಲು.”

“ಸರಸಿದ್ರೇನು?”

“ಸರಸಿದ್ನಿ. ಆಕಿನೂ ನೋಡಿದ್ಲು. ಮುಂದ ಇಳಿಯೂತನಕ ಮಾತಾಡಲಿಲ್ಲ. ಇಳಿಯೂಮುಂದ ನನ್ನ ಚೀಲ ಆಕಿನೇ ಹಿಡಕೊಂಡ್ಲು.”

ನಾನು ನೋಡದ ನನ್ನ ಮಗಳನ್ನು ನೋಡಿದ ಆ ಹೆಂಗಸು ಯಾರೆಂದು ನಮಗಿಬ್ಬರಿಗೂ ಗೊತ್ತಿಲ್ಲ.

ಮತ್ತೆ ನಮಗೆ ಮಕ್ಕಳಾಗಲಿಲ್ಲ. ಯೋಗ ಕಲಿಸುವಾಕೆ ಮದುವೆಯಾಗಿ ಬೇರೆ ಊರಿಗೆ ಹೋದಳು, ತರಗತಿ ನಿಂತಿತು. ಮಗಳ ಮಾತು ಈಗ ಆಗಾಗ ಬರುತ್ತದೆ. ಬಂದ ದಿನ ಇಬ್ಬರಿಗೂ ಊಟ ಸೇರುವುದಿಲ್ಲ. ಆದರೂ ಆ ಮಾತು ಆಡುತ್ತೇವೆ.