ಮಾವ ಹಿಡಿದ ತುದಿ

ಬಂದರಿನಲ್ಲಿ ಅವನನ್ನು ಎಲ್ಲರೂ ಈಟಿ ಎಂದೇ ಕರೆಯುತ್ತಿದ್ದರು. ಅಪ್ಪ ಅಮ್ಮ ಇಟ್ಟ ಹೆಸರು ಗುರುತಿನ ಚೀಟಿಯಲ್ಲಿ ಬೆಚ್ಚಗೆ ಮಲಗಿತ್ತು. ಹಳೆಯ ಕಟ್ಟೆಯ ಆಚೆ, ನೀರು ಇಳಿದಾಗ ಮೊಣಕಾಲು ಮಟ್ಟಕ್ಕೆ ಬರುವ ಕೆಸರಿನ ಹರವಿನಲ್ಲಿ ಅವನು ನಂಗು ಹಿಡಿಯುತ್ತಿದ್ದ.

ನಂಗು ಎಂದರೆ ಮೀನುಗಳ ಪೈಕಿ ಮಹಾ ಸೋಮಾರಿ. ತಟ್ಟೆಯ ಹಾಗೆ ಚಪ್ಪಟೆ, ಎರಡು ಕಣ್ಣೂ ಮೇಲಿನ ಮಗ್ಗುಲಲ್ಲೇ. ಮೈಮೇಲೆ ಒಂದಿಷ್ಟು ಮರಳು ಎಳೆದುಕೊಂಡು ಮಲಗಿಬಿಟ್ಟರೆ ಪಕ್ಕದಲ್ಲಿ ನಿಂತವನಿಗೂ ಕಾಣುವುದಿಲ್ಲ. ಅದನ್ನು ಕಣ್ಣಿನಿಂದ ಹುಡುಕುವವನು ಬರಿಗೈಯಲ್ಲಿ ಮನೆಗೆ ಹೋಗುತ್ತಾನೆ, ಅಂಗಾಲಿನಿಂದ ಹುಡುಕಬೇಕು. ಕಾಲು ಎತ್ತದೆ ಎಳೆಯುತ್ತ ಹೋಗಬೇಕು. ಅಡಿಯಲ್ಲಿ ಏನೋ ಮಿಸುಕಿದರೆ ಮೈಭಾರವನ್ನೆಲ್ಲ ಆ ಕಾಲಿನ ಮೇಲೆ ಬಿಟ್ಟು, ಮೀನನ್ನು ಒತ್ತಿ ಹಿಡಿದು, ಹೆಬ್ಬೆರಳ ಪಕ್ಕದಲ್ಲೇ ಈಟಿ ಇಳಿಸಬೇಕು. ಒಂದಂಗುಲ ಆಚೆಯಾದರೆ ಮೀನು ಹೋಯಿತು, ಈಚೆಯಾದರೆ ಬೆರಳು ಹೋಯಿತು.

ಈ ವಿದ್ಯೆ ಕಲಿಸಿದವರು ಅವನ ಮಾವ, ಹೆಂಡತಿಯ ಅಪ್ಪ. ಅವರಿಗೆ ಇಬ್ಬರೂ ಹೆಣ್ಣುಮಕ್ಕಳು. ಹಿರಿಯ ಅಳಿಯ ಮೊದಲ ಮೀನು ಚುಚ್ಚಿ ಎತ್ತಿದ ದಿನ ಅವರು ಮಂಜುಗಡ್ಡೆ ಶೆಡ್ಡಿನ ಮುಂದೆ ನಿಂತು, "ಇವನು ಅಳಿಯ ಅಲ್ಲ, ನನ್ನ ಮಗ" ಎಂದಿದ್ದರು. ಹನ್ನೊಂದು ವರ್ಷದ ಹಿಂದಿನ ಮಾತು. ಚಿಕ್ಕಂದಿನಲ್ಲೇ ಅಪ್ಪನನ್ನು ಕಳೆದುಕೊಂಡಿದ್ದ ಈಟಿ ಅದನ್ನು ಇನ್ನೂ ಜೋಪಾನವಾಗಿ ಇಟ್ಟುಕೊಂಡಿದ್ದ.

ಆಮೇಲೆ ಮಾವನ ಕಣ್ಣು ಮಸುಕಾಯಿತು. ಆಪರೇಷನ್ ಆಯಿತು, ಇದ್ದಷ್ಟೂ ಹೋಯಿತು. ಆದರೂ ಮುಂಜಾನೆ ನೀರು ಇಳಿಯುವ ಹೊತ್ತಿಗೆ ಅವರಿಗೆ ಮನೆಯಲ್ಲಿ ಕಾಲು ನಿಲ್ಲುತ್ತಿರಲಿಲ್ಲ. ಬಲಗೈಯನ್ನು ಅಳಿಯನ ಎಡ ಹೆಗಲ ಮೇಲಿಟ್ಟು ಹಿಂದೆಯೇ ನೀರಿಗಿಳಿಯುತ್ತಿದ್ದರು. ಹೀಗೆ ಆರು ವರ್ಷ. ಈಟಿಯ ಅಂಗಿಗಳೆಲ್ಲ ಎಡ ಹೆಗಲಿನಲ್ಲಿ ಮೊದಲು ಸವೆಯುತ್ತಿದ್ದವು. ಹೆಂಡತಿ ಗೊಣಗುತ್ತ ತೇಪೆ ಹಾಕುತ್ತಿದ್ದಳು. ಆ ತೇಪೆ ಎಂದರೆ ಅವನಿಗೆ ಒಳಗೊಳಗೇ ಹೆಮ್ಮೆ.

ಅಷ್ಟರಲ್ಲಿ ಷಡ್ಡಕ ವಕ್ಕರಿಸಿದ. ವಕ್ಕರಿಸಿದ ಎಂದದ್ದು ಈಟಿ. ಉಳಿದವರ ಲೆಕ್ಕದಲ್ಲಿ ಅವನು ಈಟಿಯ ಹೆಂಡತಿಯ ತಂಗಿಯನ್ನು ಸರಿಯಾಗಿಯೇ ಮದುವೆಯಾಗಿ ಬಂದವನು. ಬಲೆ ಅಂಗಳದಲ್ಲಿ ಹರಿದ ಬಲೆ ಹೆಣೆಯುತ್ತಿದ್ದ ಮೆತ್ತಗಿನ ಮನುಷ್ಯ. ನಂಗಿಗೆಂದೇ ಸೊಂಟದೆತ್ತರದ ಉದ್ದನೆಯ ಬಲೆ ಹೆಣೆದುಕೊಂಡು ಬಂದ. ಮೇಲಿನ ಹಗ್ಗಕ್ಕೆ ಬೆಂಡು, ಅಡಿಹಗ್ಗಕ್ಕೆ ಸೀಸದ ಗುಂಡು, ಎರಡು ತುದಿಗೆ ಎರಡು ಕೋಲು. ಒಬ್ಬ ಒಂದು ತುದಿ ಹಿಡಿದು ನಿಂತರೆ ಇನ್ನೊಬ್ಬ ಇನ್ನೊಂದು ತುದಿ ಎಳೆದುಕೊಂಡು ಸುತ್ತಿ ಬರಬೇಕು.

"ನಂಗಿಗೆ ಬಲೆಯಂತೆ" ಎಂದು ಈಟಿ ನಕ್ಕ. ಆ ನಗು ಒಂದು ವಾರವೂ ಬಾಳಲಿಲ್ಲ.

ಒಂದು ಮುಂಜಾನೆ ಕಟ್ಟೆಯ ಮೆಟ್ಟಿಲ ಮೇಲೆ ಈಟಿ ಎಂದಿನಂತೆ ಎಡ ಹೆಗಲು ತಗ್ಗಿಸಿ ನಿಂತ. ಕೈ ಬರಲಿಲ್ಲ. ಮಾವ ಆಗಲೇ ಷಡ್ಡಕನ ಹೆಗಲು ಹಿಡಿದಿದ್ದರು.

"ಇವತ್ತು ಇವನ ಜೊತೆ ಹೋಗಿ ಬರ್ತೀನಪ್ಪ" ಎಂದರು.

"ಹೋಗಿ ಮಾವ, ನನಗೇನು" ಎಂದ ಈಟಿ. ತಗ್ಗಿಸಿದ ಹೆಗಲನ್ನು ಮೆಲ್ಲಗೆ ಎತ್ತಿಕೊಂಡ. ಇವತ್ತು ಎಂದದ್ದು ನಾಳೆಯೂ ಆಯಿತು, ನಾಡಿದ್ದೂ ಆಯಿತು.

ನೀರಿನಲ್ಲಿ ಅವನ ಕಾಲು ಕೆಳಗಿದ್ದರೂ ಕಣ್ಣು ಆ ಕಡೆಯೇ. ಮಾವ ಸೊಂಟ ನೆಟ್ಟಗೆ ಮಾಡಿಕೊಂಡು ಕೋಲು ಹಿಡಿದು ನಿಂತಿರುತ್ತಿದ್ದರು. "ಎಳಿ, ಎಳಿ, ಎಡಕ್ಕೆ ಗುಂಡಿ ಇದೆ, ಸುತ್ತಿಕೊಂಡು ಬಾ" ಎಂದು ಕೂಗುತ್ತಿದ್ದರು. ಈಟಿಯ ಹಿಂದೆ ಆರು ವರ್ಷ ಕೆಮ್ಮಿದ್ದು ಬಿಟ್ಟರೆ ಬಾಯಿ ಬಿಡದ ಮನುಷ್ಯ ಈಗ ಬಂದರಿಗೆಲ್ಲ ಕೇಳುವ ಹಾಗೆ ಕೂಗುತ್ತಿದ್ದರು, ನಗುತ್ತಿದ್ದರು ಕೂಡ. ಅದನ್ನು ನೋಡಿಕೊಂಡು ಎರಡು ಸಲ ಈಟಿ ಬರೀ ಕೆಸರಿಗೆ ಚುಚ್ಚಿದ.

ಮೀನು ಕೊಳ್ಳುವ ಹೆಂಗಸು ಬೇರೆ ಗಾಯಕ್ಕೆ ಉಪ್ಪು ಸವರಿದಳು. "ಬಲೇ ಮೀನು ನೋಡಿ, ಒಂದು ತೂತಿಲ್ಲ. ನಿಮ್ಮದು ಜರಡಿ ಆಗಿರುತ್ತೆ."

ಮನೆಯಲ್ಲಿ ಹೆಂಡತಿ ಅಂಗಿ ಮಡಿಸುತ್ತ, ಯಾವ ಕೆಟ್ಟ ಯೋಚನೆಯೂ ಇಲ್ಲದೆ, "ಈ ತಿಂಗಳು ತೇಪೆ ಹಾಕೋ ಕೆಲಸ ತಪ್ಪಿತು ನೋಡಿ" ಎಂದಳು. ಅವನು ತಟ್ಟೆ ಸರಿಸಿ ಎದ್ದ.

"ನಿನ್ನ ತಂಗಿ ಗಂಡ ಮಾವನಿಗೆ ಬೆಣ್ಣೆ ಹಚ್ತಿದಾನೆ. ಕಣ್ಣು ಕಾಣದವರ ಹತ್ರ ಕೂಲಿ ಕೆಲಸ ಮಾಡಿಸ್ತಿದಾನೆ. ನಾನು ಒಂದು ದಿನ ಅವರಿಗೆ ಒಂದು ಕಡ್ಡಿ ಎತ್ತೋಕೆ ಬಿಟ್ಟಿದೀನಾ?"

"ಅಪ್ಪ ಖುಷಿಯಾಗಿದಾರಲ್ಲ ರೀ."

"ಖುಷಿಯಾಗಿರೋದೇ ನನಗೆ ಆಗ್ತಿಲ್ಲ" ಎಂದುಬಿಟ್ಟ. ಬಾಯಿಂದ ಬಿದ್ದ ಮೇಲೆ ಅವನಿಗೇ ನಾಚಿಕೆಯಾಯಿತು.

ಹೆಂಡತಿ ಅವನನ್ನೇ ನೋಡಿದಳು. "ದಿನಾ ಆ ಮೀನು ಹಿಡಿದೂ ಹಿಡಿದೂ ನಿಮಗೂ ಎರಡು ಕಣ್ಣು ಒಂದೇ ಕಡೆಗೆ ಬಂದುಬಿಟ್ಟಿವೆ."

ಕೊನೆಯ ಕಿಡಿ ಬಿದ್ದದ್ದು ಸೀಸದ ಗುಂಡಿನಿಂದ. ಮಾವನ ಮಂಚದ ಕೆಳಗೆ ಒಂದು ಡಬ್ಬಿ ಇತ್ತು. ಪ್ರಾಯದಲ್ಲಿ ಅವರೇ ಕಾಯಿಸಿ ಎರಕ ಹೊಯ್ದ ಗುಂಡುಗಳು ಅದರಲ್ಲಿದ್ದವು. ಆ ಡಬ್ಬಿ ಪೂರ್ತಿ ಷಡ್ಡಕನ ಬಲೆಗೆ ಹೋಯಿತು. ತಮ್ಮ ತುದಿಯ ಗುಂಡುಗಳನ್ನು ಮಾವ ಬಾಗಿಲ ಹೊಸ್ತಿಲಲ್ಲಿ ಕೂತು, ಬೆರಳಲ್ಲೇ ತಡಕಾಡಿ ತಾವೇ ಕಟ್ಟಿದರು. ಹನ್ನೊಂದು ವರ್ಷದಲ್ಲಿ ನನಗೆ ಒಂದು ಗುಂಡು ಕೊಡಲಿಲ್ಲ ಎಂದುಕೊಂಡ ಈಟಿ. ಈಟಿಗೆ ಸೀಸದ ಗುಂಡು ಯಾತಕ್ಕೆ ಎಂದು ಯಾರಾದರೂ ಕೇಳಬಹುದು. ಹೊಟ್ಟೆಕಿಚ್ಚಿನವನ ಹತ್ತಿರ ಅಂಥ ಪ್ರಶ್ನೆ ಕೇಳಬಾರದು.

ಮರುದಿನ ಮಧ್ಯಾಹ್ನ ಬಲೆ ಕಟ್ಟೆಯ ಗೋಡೆಯ ಮೇಲೆ ಒಣಗುತ್ತಿತ್ತು. ಎಲ್ಲರೂ ಊಟ ಮಾಡಿ ಅಡ್ಡಾಗಿದ್ದರು. ಈಟಿ ಸುತ್ತ ನೋಡಿ, ಮಾವನ ತುದಿಯ ಏಳು ಗುಂಡು ಬಿಚ್ಚಿ ಜೇಬಿಗೆ ಹಾಕಿಕೊಂಡ. ಅಡಿಹಗ್ಗ ಹಗುರಾದರೆ ಎದ್ದು ನಿಲ್ಲುತ್ತದೆ. ನಂಗು ಅದರಡಿಯಲ್ಲಿ ಆರಾಮವಾಗಿ ನುಸುಳಿ ಹೋಗುತ್ತದೆ. ಬಲೆ ಕೆಲಸಕ್ಕೆ ಬಾರದ್ದು ಎಂದಾಗುತ್ತದೆ, ಮಾವ ವಾಪಸು ಬರುತ್ತಾರೆ. ಅವನ ಯೋಚನೆ ಇಷ್ಟೇ.

ಬೆಳಿಗ್ಗೆ ಎಲ್ಲ ಅವನು ಅಂದುಕೊಂಡ ಹಾಗೆಯೇ ಆಯಿತು. ಎರಡು ಸುತ್ತು ಎಳೆದರೂ ಬಲೆಯಲ್ಲಿ ಪಾಚಿ ಬಿಟ್ಟು ಬೇರೇನಿಲ್ಲ. ಮಾವ ಕೋಲು ಹಿಡಿದೇ, "ನನ್ನ ಪಾದದ ಮೇಲೇ ಹೋದವಲ್ಲೋ, ಒಂದಲ್ಲ ಎರಡಲ್ಲ" ಎಂದರು. ಷಡ್ಡಕ ಅಡಿಹಗ್ಗ ಎತ್ತಿ ನೋಡಿದ.

"ಈ ತುದೀಲಿ ಏಳು ಗುಂಡು ಬಿದ್ದುಹೋಗಿವೆ ಮಾವ. ಪರವಾಗಿಲ್ಲ, ಮತ್ತೆ ಕಟ್ಟಿದರಾಯ್ತು."

ಮಾವ ಹಗ್ಗವನ್ನು ಕೈಗೆ ತೆಗೆದುಕೊಂಡು ಖಾಲಿ ಜಾಗಗಳನ್ನು ಒಂದೊಂದಾಗಿ ಮುಟ್ಟಿದರು. "ಆ ಗಂಟು ನಾನು ಹಾಕಿದ್ದು" ಎಂದರು. ಕೋಲನ್ನು ಷಡ್ಡಕನ ಕೈಗಿತ್ತು, ಯಾರ ಹೆಗಲನ್ನೂ ಹಿಡಿಯದೆ, ಎಡವುತ್ತ ಮೆಟ್ಟಿಲ ಕಡೆ ಹೊರಟರು. ಇಪ್ಪತ್ತು ಹೆಜ್ಜೆ ದೂರದಲ್ಲಿ ನಿಂತಿದ್ದ ಈಟಿಗೆ ಆ ಹೊತ್ತಿಗೆ ಖುಷಿಯೇ ಆಯಿತು. ಅದನ್ನು ಮುಚ್ಚಿಡುವುದು ಬೇಡ.

ಮರುದಿನ ಮಾವ ಏಳಲಿಲ್ಲ. ಅದರ ಮರುದಿನವೂ ಇಲ್ಲ. ಮೂರನೆಯ ದಿನ ಷಡ್ಡಕನೇ ಈಟಿಯ ಮನೆ ಬಾಗಿಲಿಗೆ ಬಂದ.

"ಅಣ್ಣ, ನನ್ನ ಮಾತು ಕೇಳ್ತಿಲ್ಲ ಅವರು. ನೀವು ಕರೆದರೆ ಬರ್ತಾರೆ. ನಿಮ್ಮ ಜೊತೆಗೇ ಬರಲಿ, ನನಗೆ ಬೇಜಾರಿಲ್ಲ."

ಇದಕ್ಕಿಂತ ಇನ್ನೇನು ಬೇಕು? ಈಟಿ ತೇಪೆಯ ಅಂಗಿ ಹಾಕಿಕೊಂಡು ಹೋದ. ಮಾವ ಗೋಡೆಗೆ ಮುಖ ಮಾಡಿ ಮಂಚದ ಮೇಲೆ ಕೂತಿದ್ದರು. ಮುಂದೆ ಒಂದು ತುಂಡು ಹಗ್ಗ. ಗಂಟು ಹಾಕುವುದು, ಎಳೆದು ನೋಡುವುದು, ಬಿಚ್ಚುವುದು, ಮತ್ತೆ ಹಾಕುವುದು.

"ಬನ್ನಿ ಮಾವ, ನೀರು ಇಳಿದಿದೆ."

"ಬೇಡಪ್ಪ. ಕಣ್ಣು ಹೋಯ್ತು, ಕೈ ಇದೆ ಅಂದ್ಕೊಂಡಿದ್ದೆ. ಗಂಟೂ ನಿಲ್ಲದ ಮೇಲೆ ಇನ್ನೇನು? ನಿಮ್ಮ ಹೆಗಲಿಗೆ ಹೊರೆ ಆಗೋಕೆ ನಾನು ಯಾಕೆ ಬರಲಿ?"

ಜೇಬಿನಲ್ಲಿದ್ದ ಏಳು ಗುಂಡು ಈಟಿಗೆ ಭಾರವಾದವು. ಕೆಸರಿನಲ್ಲಿ ಸಿಕ್ಕವು ಎಂದು ಹೇಳಿ ಕೊಟ್ಟುಬಿಡೋಣ ಎಂದುಕೊಂಡೇ ಬಂದಿದ್ದ. ಹಾಗೆ ಹೇಳಿದರೆ ಗಂಟು ಜಾರಿದ್ದೇ ನಿಜವಾಗುತ್ತಿತ್ತು. ಮಾವ ಆ ಹಗ್ಗದ ತುಂಡು ಹಿಡಿದುಕೊಂಡು ಹೀಗೆಯೇ ಕೂತಿರುತ್ತಿದ್ದರು, ಇವತ್ತೂ, ಮುಂದಿನ ವರ್ಷವೂ. ನಿಜ ಹೇಳಿದರೆ ಹೆಗಲ ಮೇಲಿನ ಕೈ ಇನ್ನು ಕನಸಿನ ಮಾತು. ಅವನು ಗುಂಡುಗಳನ್ನು ಮಾವನ ಅಂಗೈಗೆ ಸುರಿದ.

"ಗಂಟು ಜಾರಲಿಲ್ಲ ಮಾವ. ನಾನು ಬಿಚ್ಚಿದ್ದು. ನೀವು ಅವನ ಜೊತೆ ಹೋಗೋದು ನನಗೆ ತಡೆಯೋಕಾಗಲಿಲ್ಲ."

ಮಾವನ ಬೆರಳು ಗುಂಡುಗಳ ಮೇಲೆ ಓಡಾಡಿತು. ಬೈಗುಳಕ್ಕೆ ಈಟಿ ತಲೆ ತಗ್ಗಿಸಿ ನಿಂತ.

"ಸಲೀಸಾಗಿ ಬಂತಾ?" ಎಂದರು ಮಾವ.

"ಏನು ಮಾವ?"

"ಗಂಟು. ಬಿಚ್ಚೋಕೆ ಸಲೀಸಾಗಿ ಬಂತಾ?"

"ಎಲ್ಲಿ ಬಂತು? ಉಗುರು ಕಿತ್ತುಬಂತು. ಎರಡಕ್ಕೆ ಹಲ್ಲು ಹಾಕಬೇಕಾಯ್ತು."

ಮಾವನ ಮುಖ ಅರಳಿತು. ಮೂರು ದಿನದಿಂದ ಬಗ್ಗಿದ್ದ ಬೆನ್ನು ನೆಟ್ಟಗಾಯಿತು. "ಹಲ್ಲು ಹಾಕಿದೆಯಾ" ಎಂದು ತಮಗೇ ಹೇಳಿಕೊಂಡರು. ಆಮೇಲೆ ಬೈಗುಳ ಶುರುವಾಯಿತು. ಕತ್ತೆ ಎಂಬಲ್ಲಿಂದ ಹೊರಟು ಬಹಳ ದೂರ ಹೋಯಿತು. ಕೊನೆಗೆ ಉಸಿರು ಎಳೆದುಕೊಂಡು ಮಾವ ಹೇಳಿದ್ದು ಇಷ್ಟು:

"ಆರು ವರ್ಷ ನಿನ್ನ ಬೆನ್ನ ಹಿಂದೆ ಬಂದೆ. ಒಂದು ದಿನ ಆದ್ರೂ, ಮಾವ, ಇದನ್ನ ಸ್ವಲ್ಪ ಹಿಡ್ಕೊಳ್ಳಿ ಅಂದೆಯಾ? ಅವನು ಬಂದ ದಿನಾನೇ ಅಂದ."

ಕಡ್ಡಿ ಎತ್ತಲು ಬಿಟ್ಟಿಲ್ಲ ಎಂದು ತಾನೇ ಎದೆ ತಟ್ಟಿಕೊಂಡದ್ದು ಈಟಿಗೆ ನೆನಪಾಯಿತು.

ಮರುದಿನದಿಂದ ಮಾವ ಷಡ್ಡಕನ ಬಲೆಗೇ ಹೋದರು. ಈಟಿ ಒಂದು ವಾರ ಹಲ್ಲು ಕಚ್ಚಿ ನೋಡಿದ. ಹೊಟ್ಟೆ ಉರಿಯುವುದು ನಿಂತಿರಲಿಲ್ಲ. ಎಂಟನೆಯ ದಿನ ಅವನ ಅಂಗಾಲಿನಡಿ ದೊಡ್ಡದೊಂದು ಮಿಸುಕಿತು. ಮೈಭಾರ ಬಿಟ್ಟು ಒತ್ತಿ ಹಿಡಿದ. ಈಟಿ ಎತ್ತಿದವನು ಇಳಿಸಲಿಲ್ಲ. "ಮಾವ, ಒಂದು ಸ್ವಲ್ಪ ಇಲ್ಲಿ ಬನ್ನಿ" ಎಂದು ಕೂಗಿದ.

ಷಡ್ಡಕ ಕೈಹಿಡಿದು ಕರೆತಂದು ಬಿಟ್ಟು, ಹಿಂದೆ ಸರಿದ. ಈಟಿ ಈಟಿಯನ್ನು ಮಾವನ ಕೈಗೆ ಕೊಟ್ಟ.

"ನನ್ನ ಬಲಗಾಲ ಕೆಳಗಿದೆ ಮಾವ. ಇದನ್ನ ಸ್ವಲ್ಪ ಹಿಡ್ಕೊಳ್ಳಿ."

ಷಡ್ಡಕನ ಬಾಯಿ ತೆರೆದದ್ದು ಮುಚ್ಚಲಿಲ್ಲ. ಮಾವ ಎಡಗೈಯನ್ನು ಅಳಿಯನ ಹೆಗಲ ಮೇಲೆ ಊರಿದರು. ಅಲ್ಲಿಂದ ಬೆನ್ನು, ತೊಡೆ, ಮೊಣಕಾಲು ಎಂದು ಮುಟ್ಟುತ್ತ ಬಗ್ಗಿ, ನೀರಿನೊಳಗೆ ಹೆಬ್ಬೆರಳನ್ನು ಹುಡುಕಿದರು. ತಣ್ಣನೆಯ ಮೊನೆ ಅವನ ಕಣಕಾಲನ್ನು ಸವರಿಕೊಂಡು ಕೆಳಗಿಳಿಯಿತು.

"ಕಾಲು ನಡುಗ್ತಿದೆಯಲ್ಲೋ" ಎಂದರು ಮಾವ.

"ಚಳಿ ಮಾವ."

"ಏಳು ಗುಂಡು ಕದ್ದಾಗ ಚಳಿ ಇರಲಿಲ್ಲವಾ?" ಎಂದು ಹೇಳಿ, ಉಸಿರು ಹಿಡಿದು ಈಟಿ ಇಳಿಸಿದರು.

ಮೊನೆಯ ಕೊನೆಯಲ್ಲಿ ಮೀನು ಪಟಪಟ ಬಡಿಯುತ್ತ ಮೇಲೆ ಬಂತು. ಈಟಿ ತನ್ನ ಬೆರಳುಗಳನ್ನು ಕೆಸರಿನಲ್ಲಿ ಒಂದೊಂದಾಗಿ ಆಡಿಸಿ ನೋಡಿಕೊಂಡ, ಐದೂ ಇದ್ದವು. ಆಮೇಲೆ ತಲೆ ಎತ್ತಿ, ಮಾವನ ಕೈಯಲ್ಲಿನ ಈಟಿಯನ್ನೇ ನೋಡುತ್ತ ಸಪ್ಪಗೆ ನಿಂತಿದ್ದ ಷಡ್ಡಕನ ಮುಖ ನೋಡಿದ. ತನ್ನ ಮುಖ ಇಷ್ಟು ದಿನ ಹೇಗಿತ್ತು ಎಂದು ಅವನಿಗೆ ಆಗ ಗೊತ್ತಾಯಿತು.